ಪೂರ್ತಿ ಸ್ಕ್ರಿಪ್ಟ್ ಯಾರಿಗೂ ಕೊಡದೆ ನಾಟಕ ಮಾಡಿಸಿದೆ

"ಲೈಟಿಲ್ಲ, ಸೆಟ್ಟಿಲ್ಲ, ತಾಲೀಮೂ ಇಲ್ಲ. ಇದು ನಾಟಕ ಅಲ್ಲಪ್ಪಾ, ಹುಚ್ಚಾಟ" ಅಂತ ನಮ್ಮ ತಂಡದ ಹಿರಿಯರೊಬ್ಬರು ಎದ್ದು ಹೋಗಿದ್ದರು. ಶೋ ಆದಮೇಲೆ ಇನ್ನೊಂದು ಯಾವಾಗ ಅಂತ ಮೊದಲು ಫೋನ್ ಮಾಡಿದವರೂ ಅವರೇ.

ನಾವು ಮಾಡಹೊರಟಿದ್ದು ಶೇಕ್ಸ್‌ಪಿಯರ್ ಕಾಲದವರು ಆಡುತ್ತಿದ್ದ ಹಾಗೇ ಒಂದು ನಾಟಕ. 1599ರಲ್ಲಿ ಗ್ಲೋಬ್ ರಂಗಮಂದಿರ ಕಟ್ಟಿದ ಕಾಲದ ಲಂಡನ್ ನಾಟಕ ಕಂಪನಿಗಳು ಹೆಚ್ಚುಕಡಿಮೆ ದಿನಕ್ಕೊಂದು ಬೇರೆ ನಾಟಕ ಆಡುತ್ತಿದ್ದವು. ನಟನ ಕೈಗೆ ಸಿಗುತ್ತಿದ್ದದ್ದು ಅವನ ಮಾತು ಮಾತ್ರ. ಅದಕ್ಕೆ ಮುಂಚೆ ಒಂದು ಉದ್ದ ಗೆರೆ, ಗೆರೆಯ ತುದಿಗೆ ಎದುರಿನವನ ಕೊನೆಯ ಒಂದೆರಡು ಪದ. ಅದೇ ಕ್ಯೂ: ಅದು ಕಿವಿಗೆ ಬಿದ್ದರೆ ತನ್ನ ಮಾತು ಶುರು. ಆ ಕಾಲದ ನಟ ಎಡ್ವರ್ಡ್ ಆಲಿನ್ ಇಟ್ಟುಕೊಂಡಿದ್ದ ಅಂಥ ಸುರುಳಿಯೊಂದು ಲಂಡನ್ನಿನ ಡಲ್ವಿಚ್ ಕಾಲೇಜಿನಲ್ಲಿ ಇವತ್ತಿಗೂ ಇದೆ. ನಾವು ಶೇಕ್ಸ್‌ಪಿಯರ್‌ನ 'ಮರ್ಚೆಂಟ್ ಆಫ್ ವೆನಿಸ್'ನ ಕನ್ನಡ ಪ್ರತಿಯನ್ನು ಹಾಗೇ ಕತ್ತರಿಸಿ, ಅಂಟಿಸಿ, ಸುತ್ತಿ ಕೊಟ್ಟೆವು.

ಮೊದಲ ಸಲ ಪೂರ್ತಿ ಕೆಟ್ಟಿತು. ನಮ್ಮ ಮಾತು ಮುಗಿಯೋದೇ ಕ್ರಿಯಾಪದದಲ್ಲಿ ಅಲ್ವಾ? ಅರ್ಧಕ್ಕರ್ಧ ಕ್ಯೂ 'ಹೇಳು', 'ಬರ್ತೀನಿ', 'ಆಗಲ್ಲ'. ಬಸಾನಿಯೊ ಪಾತ್ರ ಮಾಡುತ್ತಿದ್ದ ಹುಡುಗ ಸಿಕ್ಕಸಿಕ್ಕವರ ಮಾತಿಗೆಲ್ಲ ಬಾಯಿ ಹಾಕಿದ. ಆಮೇಲೆ ಕೂತು ಸಾಲುಗಳನ್ನು ತಿರುಗಿಸಿದೆವು: 'ಇವತ್ತೇ ಹಡಗು ಹೊರಡುತ್ತೆ' ಅನ್ನೋದು 'ಹೊರಡುತ್ತೆ ಇವತ್ತೇ ಹಡಗು' ಆಯಿತು. ತಿರುಗಿಸೋಕೆ ಆಗದ ಸಾಲಿಗೆ ಬೇರೆ ಉಪಾಯ ಇದೆ. ಅದನ್ನು ಇಲ್ಲಿ ಬಿಟ್ಟುಕೊಡಲ್ಲ.

ಒಂದು ಕಡೆ ಮಾತ್ರ ಗೊಂದಲವನ್ನು ಬೇಕೆಂದೇ ಉಳಿಸಿಕೊಂಡೆ. ಮೂರನೇ ಅಂಕದಲ್ಲಿ ಸಾಲ ಕೊಟ್ಟ ಶೈಲಾಕ್ 'ನನಗೆ ಬೇಕು ನನ್ನ ಪತ್ರ' (ಸಾಲದ ಕರಾರು) ಅಂತ ಮತ್ತೆ ಮತ್ತೆ ಅನ್ನುತ್ತಾನೆ. ಅಲ್ಲೇ ನಿಂತಿರುವ ಸೊಲಾನಿಯೊನ ಕ್ಯೂ ಕೂಡ ಅದೇ. ಪಾಪ, ಅವನು ಪ್ರತಿ ಸಲ ಬಾಯಿ ತೆರೆಯೋದು, ಶೈಲಾಕ್ 'ಮಾತಾಡಬೇಡ' ಅಂತ ಮುಚ್ಚಿಸೋದು. ಶೇಕ್ಸ್‌ಪಿಯರ್ ಅದನ್ನು ಬೇಕಂತಲೇ ಬರೆದಿದ್ದಾನೆ ಅಂತ ನನಗೆ ಗ್ಯಾರಂಟಿ. ಆ ತಡವರಿಕೆ ಎಷ್ಟು ರಿಹರ್ಸಲ್ ಮಾಡಿದರೂ ಬರಲ್ಲ.

ಆಗಿನ ಲಂಡನ್ನಿನಲ್ಲಿ ಮಧ್ಯಾಹ್ನ ಎರಡಕ್ಕೆ ಆಟ. ನಮ್ಮ ಬಿಸಿಲಿಗೆ ಅದು ಆಗದ ಮಾತು, ನಾಲ್ಕೂವರೆಗೆ ಇಟ್ಟೆವು. ಹಗಲಲ್ಲಿ ಜನರ ಮುಖ ಕಾಣುತ್ತೆ, ಅದೇ ಲಾಭ. ಶೈಲಾಕನ ಆಳು ಲಾನ್ಸ್‌ಲಾಟ್ 'ಯಜಮಾನನ್ನ ಬಿಟ್ಟು ಓಡಲೋ, ಇರಲೋ' ಅಂತ ಮುಂದಿನ ಸಾಲಿನ ಮಕ್ಕಳನ್ನೇ ನೋಡಿ ಕೇಳಿದ. "ಓಡೋಗೋ!" ಅಂತ ಕೂಗಿದವು. ಆ ಕಾಲದವರ ಹಾಗೆ ಹುಡುಗರಿಗೆ ಹೆಣ್ಣುವೇಷ ಮಾತ್ರ ಹಾಕಿಸಲಿಲ್ಲ. ನಾಯಕಿ ಪೋರ್ಷಿಯಾ ಮಾಡೋಕೆ ನಮ್ಮಲ್ಲಿ ಒಳ್ಳೆಯ ನಟಿಯೇ ಇದ್ದರು.

ಲೈಟು, ಸೆಟ್ಟಿನದು ಮೂವತ್ತೈದು ಸಾವಿರದಷ್ಟು ಉಳಿಯಿತು. ಅದರಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಸಾವಿರ ಬಟ್ಟೆಗೇ ಹೋಯಿತು. ಅದೇ ಕಾಲದ ಲಂಡನ್ನಿನ ರೋಸ್ ಥಿಯೇಟರಿನ ಮಾಲೀಕ ಹೆನ್ಸ್‌ಲೋನ ಲೆಕ್ಕದ ಪುಸ್ತಕದಲ್ಲೂ ಇದೇ ಕಥೆ: ನಾಟಕ ಬರೆದವನಿಗೆ 6 ಪೌಂಡ್ ಕೊಟ್ಟರೆ, ಅದರ ಒಂದು ಗೌನಿಗೆ ಅದಕ್ಕಿಂತ ಜಾಸ್ತಿ.

1989ರಲ್ಲಿ ರೋಸ್ ಅಗೆದಾಗ ಕಾಸು ಹಾಕುವ ಮಣ್ಣಿನ ಕುಡಿಕೆಗಳ ಚೂರು ಸಿಕ್ಕಿದ್ದವು. ಆಟ ಮುಗಿದ ಮೇಲೇ ಒಡೆಯೋದು, ನಡುವೆ ಯಾರೂ ಕೈ ಹಾಕೋ ಹಾಗಿಲ್ಲ. ಸುಮ್ನೆ ನೋಡೋಣ ಅಂತ ನಾವೂ ಬಾಗಿಲಲ್ಲಿ ಹುಂಡಿ ಇಟ್ಟೆವು. ನೆಲಕ್ಕೆ ಇಪ್ಪತ್ತು ರೂಪಾಯಿ, ಬೆಂಚಿಗೆ ನಲವತ್ತು. ಮುಕ್ಕಾಲು ಜನ ಫೋನ್ ಹಿಡಿದು "ಸ್ಕ್ಯಾನ್ ಎಲ್ಲಿ?" ಅಂದರು. ಕೊನೆಗೆ ಹುಂಡಿಗೇ ಕ್ಯೂಆರ್ ಚೀಟಿ ಅಂಟಿಸಿದೆವು. ಎಲ್ಲ ಕಳೆದು ಉಳಿದದ್ದು ಆರು ಸಾವಿರ ಚಿಲ್ಲರೆ. ಲಂಡನ್ ಕಂಪನಿಯವರ ಥರ ಅದನ್ನೂ ಪಾಲು ಹಾಕಿಕೊಂಡೆವು, ಎದ್ದು ಹೋದ ಹಿರಿಯರನ್ನು ಬಿಟ್ಟು.