ಹಳೇ ಫೋನ್, ಕೆಟ್ಟ ಮಿಕ್ಸಿ, ಡಬ್ಬಾ ಟಿವಿ: ಬೆಂಗಳೂರಿನಲ್ಲಿ ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು

ನಿಮ್ಮ ಮನೆಯ ಅಟ್ಟ, ಟಿವಿ ಸ್ಟ್ಯಾಂಡಿನ ಡ್ರಾಯರ್, ಮಂಚದ ಕೆಳಗಿನ ಪೆಟ್ಟಿಗೆ, ಈ ಮೂರು ಕಡೆ ಒಮ್ಮೆ ನೋಡಿ. ಯಾವ ಫೋನಿನದು ಅಂತಲೇ ಗೊತ್ತಿಲ್ಲದ ಚಾರ್ಜರ್, ಒಂದೇ ಕಿವಿಗೆ ಕೇಳಿಸುವ ಇಯರ್‌ಫೋನ್, ಸುಟ್ಟುಹೋದ ಮಿಕ್ಸಿ, ಹಳೇ ಸೆಟ್‌ಟಾಪ್ ಬಾಕ್ಸ್, ಆನ್ ಆಗದ ಫೋನು ಸಿಕ್ಕೇ ಸಿಗುತ್ತವೆ. ಇಟ್ಟುಕೊಂಡರೆ ಉಪಯೋಗವಿಲ್ಲ, ಬಿಸಾಕೋಕೆ ಮನಸ್ಸಿಲ್ಲ. ಕೊನೆಗೆ ಹಬ್ಬಕ್ಕೆ ಮನೆ ಕ್ಲೀನ್ ಮಾಡುವಾಗ ಎಲ್ಲ ಒಂದೇ ಕವರಿಗೆ ತುಂಬಿ ಕಸದ ಆಟೋಗೆ ಹೋಗಿಬಿಡುತ್ತವೆ. ಹಾಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮಾಡಬೇಕಾದ್ದು ಇಷ್ಟೇ. ಸಾಮಾನಿನೊಳಗಿರುವ ನಿಮ್ಮ ಮಾಹಿತಿ ಅಳಿಸಿ, ಅದನ್ನು ಬಿಚ್ಚದೆ ಒಡೆಯದೆ ಇಡಿಯಾಗಿ ಇಡಿ, ಬೇರೆ ಯಾವ ಕಸದ ಜೊತೆಯೂ ಬೆರೆಸದೆ ಸರಿಯಾದ ಕೈಗೆ ಕೊಡಿ.

ಇಡಿಯಾಗಿ ಯಾಕೆ ಅಂತೀರಾ? ಆಟೋದಿಂದ ಕಸ ದೊಡ್ಡ ಲಾರಿಗೆ ಹೋಗುತ್ತದೆ, ಅಲ್ಲಿ ಅದನ್ನು ಒತ್ತಿ ಅಮುಕುತ್ತಾರೆ. ಫೋನಿನದೋ ಪವರ್‌ಬ್ಯಾಂಕಿನದೋ ಲಿಥಿಯಂ ಬ್ಯಾಟರಿ ಆ ಒತ್ತಡಕ್ಕೆ ಸಿಕ್ಕರೆ ಬೆಂಕಿ ಹೊತ್ತಿಕೊಳ್ಳುತ್ತದೆ. ಆಟೋದಲ್ಲೇ ಬರಿಗೈಯಲ್ಲಿ ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಒಡೆದ ಟ್ಯೂಬ್‌ಲೈಟು ಸಿಗುತ್ತದೆ. ಗುಜರಿಗೆ ಹಾಕಿದರೆ ಕಥೆ ಬೇರೆ. ತಾಮ್ರಕ್ಕಾಗಿ ವೈರ್ ಸುಡುತ್ತಾರೆ, ಅದರ ಮೇಲಿನ ಪಿವಿಸಿ ಪ್ಲಾಸ್ಟಿಕ್ ಸುಟ್ಟಾಗ ಡಯಾಕ್ಸಿನ್‌ನಂಥ ವಿಷದ ಹೊಗೆ ಬರುತ್ತದೆ. ಸರ್ಕ್ಯೂಟ್ ಬೋರ್ಡಿನಲ್ಲಿರುವ ಚೂರುಪಾರು ಚಿನ್ನಕ್ಕಾಗಿ ಆಸಿಡ್‌ನಲ್ಲಿ ಅದ್ದುತ್ತಾರೆ, ಮಿಕ್ಕ ಆಸಿಡ್ ಮೋರಿಗೆ ಸೇರುತ್ತದೆ. ಡಬ್ಬಾ ಟಿವಿಯ ತಾಮ್ರದ ಸುರುಳಿ ಕಿತ್ತುಕೊಂಡು ಸೀಸ ತುಂಬಿದ ಪಿಕ್ಚರ್ ಟ್ಯೂಬನ್ನು ಖಾಲಿ ಸೈಟಿಗೆ ಎಸೆಯುತ್ತಾರೆ. ಹಾಗಂತ ಗುಜರಿಯವರನ್ನು ಕಳ್ಳರ ಥರ ನೋಡಬೇಡಿ. ಪೇಪರ್, ಕಬ್ಬಿಣ, ಬಾಟಲಿ ಅವರಿಗೇ ಕೊಡಿ, ಅದು ಅವರ ಅನ್ನ. ಆದರೆ ಮುಖಕ್ಕೆ ಮಾಸ್ಕ್ ಕೂಡ ಇಲ್ಲದೆ ಆ ಹೊಗೆಯ ಪಕ್ಕ ಕೂರುವವರೂ ಅವರೇ, ಅವರ ಮನೆಯ ಮಕ್ಕಳೇ. ನಾವು ಕೊಡದಿದ್ದರೆ ಅಷ್ಟರ ಮಟ್ಟಿಗೆ ಆ ಕೆಲಸ ಕಡಿಮೆಯಾಗುತ್ತದೆ.

ಮೊದಲು ಸಾಮಾನೆಲ್ಲ ನೆಲದ ಮೇಲೆ ಹರಡಿ. ಪ್ಲಗ್ ಇರೋದು, ಬ್ಯಾಟರಿ ಹಾಕೋದು, ಚಾರ್ಜ್ ಮಾಡೋದು, ಈ ಮೂರರಲ್ಲಿ ಯಾವುದಾದರೂ ಒಂದಾದರೆ ಅದು ಇ-ವೇಸ್ಟ್. ಇಸ್ತ್ರಿ ಪೆಟ್ಟಿಗೆ, ಗೀಸರ್, ರಿಮೋಟ್, ಟ್ರಿಮ್ಮರ್, ಲೈಟ್ ಮಿನುಗುವ ಮಕ್ಕಳ ಆಟಿಕೆ ಎಲ್ಲ ಸೇರುತ್ತವೆ. ಹಲವು ಸಾಮಾನಿನ ಹಿಂದೆ, ಚಕ್ರವಿರುವ ಕಸದ ಡಬ್ಬಿಯ ಮೇಲೆ ಅಡ್ಡಗೆರೆ ಎಳೆದ ಚಿತ್ರ ಇರುತ್ತದೆ. ಮಾಮೂಲಿ ಕಸಕ್ಕೆ ಹಾಕಬೇಡಿ ಅಂತ ಅದರ ಅರ್ಥ.

ಇನ್ನೂ ಕೆಲಸ ಮಾಡುವುದನ್ನು ಪಕ್ಕಕ್ಕಿಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ ನಿಂತಿತು ಅಂತ ಎಷ್ಟೋ ಜನ ಚೆನ್ನಾಗಿರುವ ಲ್ಯಾಪ್‌ಟಾಪನ್ನೇ ಮೂಲೆಗೆ ಹಾಕಿದ್ದಾರೆ. ಅದಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿದರೆ ಮಕ್ಕಳ ಓದಿಗೆ, ಟೈಪಿಂಗಿಗೆ ಧಾರಾಳವಾಗಿ ಆಗುತ್ತದೆ. ಪಕ್ಕದ ಸರ್ಕಾರಿ ಶಾಲೆಯಲ್ಲಿ ಕೇಳಿ ನೋಡಿ. ಆದರೆ ಕೆಟ್ಟದ್ದನ್ನು ದಾನ ಅಂತ ಅವರ ತಲೆಗೆ ಕಟ್ಟಬೇಡಿ, ಅದನ್ನು ವಿಲೇವಾರಿ ಮಾಡುವ ತಲೆನೋವು ಅವರಿಗೆ ಬರುತ್ತದೆ.

ಈಗ ಬ್ಯಾಟರಿ. ಇದರಲ್ಲಿ ಮಾತ್ರ ಆತುರ ಬೇಡ. ಹಳೇ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಮೇಜಿಗೆ ಸರಿಯಾಗಿ ಕೂರದೆ ಬುಗುರಿ ಥರ ಸುತ್ತಿದರೆ ಹಿಂದಿನ ಮುಚ್ಚಳ ಉಬ್ಬಿದೆ ಅಂತ ಅರ್ಥ. ಅಂಚಿನಲ್ಲಿ ಉಗುರು ಹೋಗುವಷ್ಟು ಸಂದು ಬಿಟ್ಟಿರುತ್ತದೆ, ಸ್ಕ್ರೀನಿನ ಒಂದು ಬದಿ ಮೇಲೆದ್ದಿರುತ್ತದೆ, ಕೆಲವು ಸಲ ಸಿಹಿಯಾದ ಒಂದು ವಾಸನೆಯೂ ಬರುತ್ತದೆ. ಅಂಥದ್ದನ್ನು ಮತ್ತೆ ಚಾರ್ಜಿಗೆ ಹಾಕಲೇಬೇಡಿ. ಒತ್ತಿ ಕೂರಿಸೋಕೆ ಹೋಗಬೇಡಿ, ಚುಚ್ಚಬೇಡಿ, ಬ್ಯಾಟರಿ ಮಾತ್ರ ಕಿತ್ತು ತೆಗೆಯೋಣ ಅಂತ ಸ್ಕ್ರೂಡ್ರೈವರ್ ಹಿಡಿಯಬೇಡಿ. ಒಂದು ಸ್ಟೀಲ್ ಡಬ್ಬಿಗೆ ಒಣ ಮರಳು ಹಾಕಿ, ಅದರೊಳಗೆ ಫೋನನ್ನು ಇಡಿಯಾಗಿ ಇಟ್ಟು, ಮುಚ್ಚಳ ಬಿಗಿ ಮಾಡದೆ ಸುಮ್ಮನೆ ಮೇಲಿಡಿ. ಬಟ್ಟೆ, ಪೇಪರ್, ಗ್ಯಾಸ್ ಸಿಲಿಂಡರ್ ಹತ್ತಿರ ಇಲ್ಲದ, ಬಿಸಿಲು ಬೀಳದ ಜಾಗದಲ್ಲಿ ಇಟ್ಟು ಆದಷ್ಟು ಬೇಗ ಕೊಟ್ಟುಬಿಡಿ. ಕೊಡುವಾಗ ಇದು ಉಬ್ಬಿದೆ ಅಂತ ಬಾಯಿಬಿಟ್ಟು ಹೇಳಿ. ಕವರಿನ ಮೇಲೆ ಬರೆದರೆ ಸಾಲದು, ಯಾರೂ ಓದುವುದಿಲ್ಲ.

ಉಬ್ಬದ, ಕೈಯಲ್ಲೇ ತೆಗೆಯಬಹುದಾದ ಬ್ಯಾಟರಿಯ ಎರಡೂ ತುದಿಗೆ ಸೆಲೋಟೇಪ್ ಹಚ್ಚಿ. ವಾಚ್, ರಿಮೋಟಿನ ಬಟನ್ ಸೆಲ್ಲುಗಳಿಗೂ ಹಾಗೇ ಮಾಡಿ, ಮಕ್ಕಳ ಕೈಗೆ ಸಿಗದ ಹಾಗೆ ಬೇರೆ ಡಬ್ಬಿಯಲ್ಲಿಡಿ. ಮಗು ನುಂಗಿದರೆ ಗಂಟಲನ್ನೇ ಸುಡುವಷ್ಟು ಅಪಾಯ ಅದು. ಇನ್ವರ್ಟರ್ ಬ್ಯಾಟರಿಯ ವಿಷಯ ಸುಲಭ. ಹೊಸದು ಕೊಳ್ಳುವ ಅಂಗಡಿಯವರೇ ಹಳೆಯದಕ್ಕೆ ಬೆಲೆ ಕಟ್ಟಿ, ಅದನ್ನು ಹೊಸದರ ಬೆಲೆಯಲ್ಲಿ ಕಳೆದು ತೆಗೆದುಕೊಳ್ಳುತ್ತಾರೆ. ತೂಕ ಕಡಿಮೆಯಾಗಲಿ ಅಂತ ಒಳಗಿನ ಆಸಿಡ್ ಮೋರಿಗೆ ಚೆಲ್ಲಬೇಡಿ ಅಷ್ಟೇ.

ಮಾಹಿತಿ ಅಳಿಸುವುದನ್ನು ಜನ ಅರ್ಧಕ್ಕೇ ಬಿಡುತ್ತಾರೆ. ಫೋನ್ ಆನ್ ಆಗುತ್ತದೆ ಅಂದರೆ ಮೊದಲು ಫೋಟೋ, ನಂಬರ್, ವಾಟ್ಸಾಪ್ ಬ್ಯಾಕಪ್ ಮಾಡಿ. ಬ್ಯಾಂಕಿನ ಆ್ಯಪ್, ಯುಪಿಐ ಆ್ಯಪ್‌ಗಳಿಂದ ಹೊರಗೆ ಬನ್ನಿ. ಲಾಗಿನ್ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಹೊಸ ಫೋನಿಗೆ ದಾಟಿಸಿಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆಯಿರಿ, ಐಫೋನ್ ಆದರೆ ಫೈಂಡ್ ಮೈ ಆಫ್ ಮಾಡಿ ಐಕ್ಲೌಡ್‌ನಿಂದ ಸೈನ್ ಔಟ್ ಆಗಿ. ಇದಾದ ಮೇಲೇ ಫ್ಯಾಕ್ಟರಿ ರೀಸೆಟ್. ಈ ಕ್ರಮ ತಪ್ಪಿಸಬೇಡಿ. ಖಾತೆ ಹಾಗೇ ಉಳಿದರೆ ಆ ಫೋನ್ ಮುಂದಿನವರ ಹತ್ತಿರ ನಿಮ್ಮ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ, ರಿಪೇರಿ ಮಾಡಿ ಬಳಸಬಹುದಾದ ಫೋನೂ ಬರೀ ಬಿಡಿಭಾಗಕ್ಕೆ ಹೋಗುತ್ತದೆ. ಸಿಮ್ ನೆನಪಿರುತ್ತದೆ, ಮೆಮೊರಿ ಕಾರ್ಡ್ ಮರೆತುಹೋಗುತ್ತದೆ. ಎರಡನ್ನೂ ತೆಗೆಯಿರಿ.

ಸ್ಕ್ರೀನ್ ಕಾಣುತ್ತದೆ ಆದರೆ ಟಚ್ ಕೆಲಸ ಮಾಡುತ್ತಿಲ್ಲ ಅಂದರೆ ಒಂದು ಉಪಾಯ ಇದೆ. ಅಂಗಡಿಯಲ್ಲಿ ಒಟಿಜಿ ಕೇಬಲ್ ಅಂತ ಕೇಳಿ ತಂದು ಅದಕ್ಕೆ ಕಂಪ್ಯೂಟರ್ ಮೌಸ್ ಚುಚ್ಚಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಬಾಣದ ಗುರುತು ಬರುತ್ತದೆ, ಮೌಸಿನಲ್ಲೇ ಎಲ್ಲ ಮಾಡಬಹುದು. ಫೋನ್ ಪೂರ್ತಿ ಸತ್ತಿದ್ದರೆ ಬೇರೆ ಫೋನಿನಿಂದ ನಿಮ್ಮ ಗೂಗಲ್ ಖಾತೆ ತೆರೆದು, ಸೆಕ್ಯೂರಿಟಿ ಭಾಗದಲ್ಲಿ ನಿಮ್ಮ ಸಾಧನಗಳ ಪಟ್ಟಿ ನೋಡಿ, ಆ ಹಳೇ ಫೋನನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ.

ಲ್ಯಾಪ್‌ಟಾಪ್‌ನಲ್ಲಿ ಫೈಲ್ ಡಿಲೀಟ್ ಮಾಡಿ ರಿಸೈಕಲ್ ಬಿನ್ ಖಾಲಿ ಮಾಡಿದರೆ ಎಲ್ಲ ಪೂರ್ತಿ ಹೋಯಿತು ಅಂತಲ್ಲ, ಎಷ್ಟೋ ಸಲ ತೆಗೆಯಬಲ್ಲವರು ತೆಗೆಯುತ್ತಾರೆ. ವಿಂಡೋಸ್‌ನಲ್ಲಿ ರೀಸೆಟ್ ದಿಸ್ ಪಿಸಿ ಒತ್ತಿ, ರಿಮೂವ್ ಎವೆರಿಥಿಂಗ್ ಆರಿಸಿ, ಅಲ್ಲೇ ಸೆಟ್ಟಿಂಗ್ ಬದಲಿಸುವ ಕಡೆ ಕ್ಲೀನ್ ಡೇಟಾ ಆನ್ ಮಾಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಚಾರ್ಜರ್ ಹಾಕಿಟ್ಟು ರಾತ್ರಿ ಬಿಟ್ಟುಬಿಡಿ. ಆನ್ ಆಗದ ಕಂಪ್ಯೂಟರಾದರೆ ಹಾರ್ಡ್ ಡಿಸ್ಕ್ ಬಿಚ್ಚಿಸಿ ನೀವೇ ಇಟ್ಟುಕೊಳ್ಳಿ. ಏನನ್ನೂ ಬಿಚ್ಚಬೇಡಿ ಅಂದೆನಲ್ಲ, ಅದಕ್ಕೆ ಇರುವ ವಿನಾಯಿತಿ ಇದೊಂದೇ. ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯಲ್ಲೂ ಹಾರ್ಡ್ ಡಿಸ್ಕ್ ಇರುತ್ತದೆ, ನಿಮ್ಮ ಮನೆಗೆ ಯಾರು ಯಾವಾಗ ಬಂದು ಹೋದರು ಅನ್ನೋದೆಲ್ಲ ಅದರಲ್ಲಿರುತ್ತದೆ. ವೈಫೈ ರೌಟರ್ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತು ಇರುತ್ತದೆ, ಕರೆಂಟ್ ಕೊಟ್ಟು, ಪಿನ್ನಿನಿಂದ ಒಳಗಿನ ಗುಂಡಿಯನ್ನು ದೀಪಗಳೆಲ್ಲ ಒಮ್ಮೆ ಆರಿ ಹತ್ತುವವರೆಗೆ ಒತ್ತಿ ಹಿಡಿಯಿರಿ. ಸ್ಮಾರ್ಟ್ ಟಿವಿಯನ್ನೂ ರೀಸೆಟ್ ಮಾಡಿ. ರೌಟರ್, ಸೆಟ್‌ಟಾಪ್ ಬಾಕ್ಸ್ ಕೊಡುವ ಮುಂಚೆ ಅದು ನಿಮ್ಮದೋ ಕಂಪನಿಯದೋ ನೋಡಿಕೊಳ್ಳಿ. ಡೆಪಾಸಿಟ್ ಕಟ್ಟಿದ್ದರೆ ವಾಪಸ್ ಕೊಟ್ಟು ದುಡ್ಡು ಕೇಳಿ.

ದೊಡ್ಡ ಸಾಮಾನಿನಲ್ಲಿ ಫ್ರಿಜ್, ಎಸಿ ಮುಖ್ಯ. ತುಂಬಾ ಹಳೇ ಫ್ರಿಜ್ಜಿನ ಆರ್-12, ಹಳೇ ಎಸಿಗಳ ಆರ್-22 ಗ್ಯಾಸ್ ಓಜೋನ್ ಪದರಕ್ಕೆ ಹಾನಿ. ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿರುವ ಆರ್-600ಎ ಬೆಂಕಿ ಹತ್ತಿಕೊಳ್ಳುವ ಗ್ಯಾಸ್. ಅದಕ್ಕೇ ಪೈಪ್ ಕತ್ತರಿಸಬಾರದು. ಎಸಿ ಬಿಚ್ಚಲು ಬರುವ ಮೆಕ್ಯಾನಿಕ್ಕಿಗೆ ಪಂಪ್ ಡೌನ್ ಮಾಡಿ ಅಂತ ಮೊದಲೇ ಹೇಳಿ, ಆಗ ಗ್ಯಾಸ್ ಪೂರ್ತಿ ಹೊರಗಿನ ಯೂನಿಟ್ಟಿನಲ್ಲಿ ಸೇರಿಕೊಳ್ಳುತ್ತದೆ. ಡಬ್ಬಾ ಟಿವಿ ಎತ್ತುವಾಗ ಸ್ಕ್ರೀನ್ ನಿಮ್ಮ ಎದೆಯ ಕಡೆಗಿರಲಿ, ತೂಕವೆಲ್ಲ ಅಲ್ಲೇ ಇರುತ್ತದೆ. ಟ್ಯೂಬ್‌ಲೈಟ್, ಸಿಎಫ್‌ಎಲ್ ಬಲ್ಬಿನಲ್ಲಿ ಸ್ವಲ್ಪವೇ ಆದರೂ ಪಾದರಸ ಇದೆ, ಪೇಪರಿನಲ್ಲಿ ಸುತ್ತಿ ಬೇರೆ ಇಡಿ. ಒಡೆದರೆ ಕಿಟಕಿ ತೆಗೆದು ಹತ್ತು ನಿಮಿಷ ಹೊರಗಿರಿ. ಪೊರಕೆ ಹಿಡಿಯಬೇಡಿ, ರಟ್ಟಿನಿಂದ ಬಾಚಿ, ಪುಡಿಯನ್ನು ಸೆಲೋಟೇಪಿಗೆ ಅಂಟಿಸಿ ತೆಗೆದು ಬಾಟಲಿಯಲ್ಲಿ ಮುಚ್ಚಿಡಿ.

ಸರಿ, ಯಾರಿಗೆ ಕೊಡೋದು? 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆ ಬಂದಿವೆ, ಕಸದ ಕೆಲಸ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ ಕೈಯಲ್ಲಿದೆ. ನಿಮಗೆ ಹತ್ತಿರದ ಜಾಗ ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರ. ಇವುಗಳಲ್ಲಿ ಎಷ್ಟೋ ಕೇಂದ್ರಗಳನ್ನು ಮುಂಚೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ ಹಸಿರು ದಳದಂಥ ಸಂಸ್ಥೆಗಳ ಜೊತೆ ಸೇರಿ ನಡೆಸುತ್ತಿದ್ದಾರೆ. ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೆ ನಿಮ್ಮ ಬೀದಿಗೆ ಬರುವ ಆಟೋದವರನ್ನೇ ಕೇಳಿ, ಇಲ್ಲವೇ ಸಹಾಯವಾಣಿ 1533ಕ್ಕೆ ಫೋನ್ ಮಾಡಿ. ಹೋಗುವ ಮುಂಚೆ ಇ-ವೇಸ್ಟ್ ತಗೋತೀರಾ, ಬ್ಯಾಟರಿ, ಟ್ಯೂಬ್‌ಲೈಟ್ ಕೂಡ ತಗೋತೀರಾ ಅಂತ ಬಿಡಿಸಿ ಕೇಳಿ. ಎಲ್ಲ ಕೇಂದ್ರದಲ್ಲೂ ಎಲ್ಲವನ್ನೂ ತೆಗೆದುಕೊಳ್ಳುವುದಿಲ್ಲ. ಸೋಫಾ, ಹಾಸಿಗೆ, ಕೆಟ್ಟ ಎಲೆಕ್ಟ್ರಾನಿಕ್ ಸಾಮಾನು ಒಯ್ಯಲು ಪಾಲಿಕೆಯ ಕಡೆಯಿಂದ ಆಗಾಗ ವಾರ್ಡ್‌ವಾರು ವಿಶೇಷ ಸಂಗ್ರಹವೂ ನಡೆಯುತ್ತದೆ. ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿದ್ದರೆ ದಿನ ಗೊತ್ತಾಗುತ್ತದೆ. ಆಟೋಗೇ ಕೊಡುವುದಾದರೆ ಒಣ ಕಸದ ದಿನವೇ ಕೊಡಿ, ಬೇರೆ ಚೀಲದಲ್ಲಿ, ಕೈಗೆ, ಹೇಳಿ ಕೊಡಿ. ಗೇಟಿನ ಹೊರಗಿಟ್ಟು ಒಳಗೆ ಹೋಗಿಬಿಡಬೇಡಿ, ಆಟೋ ಬರುವ ಮುಂಚೆ ಯಾರೋ ಬಂದು ತಾಮ್ರ ಕಿತ್ತುಕೊಂಡು ಮಿಕ್ಕದ್ದನ್ನು ಮೋರಿ ಪಕ್ಕ ಬಿಟ್ಟಿರುತ್ತಾರೆ.

ಇನ್ನೊಂದು ದಾರಿ ತಯಾರಿಸಿದ ಕಂಪನಿಯೇ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ 106 ಬಗೆಯ ಸಾಮಾನಿಗೆ ಕಂಪನಿಗಳು ಜವಾಬ್ದಾರಿ ಹೊರಬೇಕು. 2025-26ಕ್ಕೆ ಅವುಗಳ ಮರುಬಳಕೆ ಗುರಿ ಶೇ 70, 2027-28ರಿಂದ ಶೇ 80. ಹಾಗಾಗಿ ಕಸ್ಟಮರ್ ಕೇರ್‌ಗೆ ಫೋನ್ ಮಾಡುವಾಗ ಹಿಂಜರಿಯಬೇಡಿ, ನೀವು ಅವರ ಹತ್ತಿರ ಉಪಕಾರ ಕೇಳುತ್ತಿಲ್ಲ. ಎಕ್ಸ್‌ಚೇಂಜ್‌ನಲ್ಲಿ ಹಳೆಯದು ಕೊಡುವಾಗಲೂ ಇದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ.

ಸಾಮಾನು ಜಾಸ್ತಿ ಇದ್ದರೆ ಅಧಿಕೃತ ಮರುಬಳಕೆದಾರರನ್ನೇ ನೇರವಾಗಿ ಕರೆಯಬಹುದು. ಈ ವಿಷಯದಲ್ಲಿ ನಮ್ಮೂರು ಮುಂದಿದೆ. ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಮರುಬಳಕೆ ಘಟಕಗಳಲ್ಲಿ ಒಂದಾದ ಇ-ಪರಿಸರ ಇರುವುದು ಇಲ್ಲೇ ದಾಬಸ್‌ಪೇಟೆಯಲ್ಲಿ. ಮನೆ ಬಾಗಿಲಿಗೆ ಬರುತ್ತೇವೆ ಅನ್ನುವವರು ಈಗ ಬಹಳ ಜನ ಇದ್ದಾರೆ, ಅವರಲ್ಲಿ ಬರೀ ವೆಬ್‌ಸೈಟ್ ಇಟ್ಟುಕೊಂಡ ಗುಜರಿ ವ್ಯಾಪಾರವೂ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಇ-ವೇಸ್ಟ್ ಪೋರ್ಟಲ್‌ನಲ್ಲಿ ನೋಂದಾಯಿತರ ಪಟ್ಟಿ ಇದೆ, ಬರುವವರ ಹೆಸರು ಅಲ್ಲಿದೆಯಾ ನೋಡಿ. ಅವರೇ ಮರುಬಳಕೆ ಮಾಡುವವರಲ್ಲ ಅಂದರೆ ಯಾವ ಘಟಕಕ್ಕೆ ಕಳಿಸುತ್ತೀರಿ ಅಂತ ಕೇಳಿ, ಆ ಹೆಸರು ಹುಡುಕಿ. ಉತ್ತರ ಕೊಡೋಕೆ ತಡವರಿಸಿದರೆ ಎಷ್ಟೇ ದುಡ್ಡು ಕೊಡುತ್ತೇನೆ ಅಂದರೂ ಬೇಡ.

ಒಂದು ಮನೆಯ ನಾಲ್ಕು ಚಾರ್ಜರಿಗೆ ಯಾರೂ ಗಾಡಿ ಕಳಿಸುವುದಿಲ್ಲ. ಅಪಾರ್ಟ್‌ಮೆಂಟ್ ಆದರೆ ಮಳೆ ಬೀಳದ, ಸೆಕ್ಯೂರಿಟಿಯವರ ಕಣ್ಣಿಗೆ ಬೀಳುವ ಕಡೆ ಮುಚ್ಚಳದ ಡ್ರಮ್ ಇಡಿಸಿ, ಬ್ಯಾಟರಿಗೆ ಬೇರೆ ಡಬ್ಬಿ ಇರಲಿ, ತುಂಬಿದಾಗ ಕರೆಸಿ. ಬೀದಿ ಮನೆಗಳವರು ನಾಲ್ಕೈದು ಮನೆ ಸೇರಿಕೊಂಡರೆ ಸಾಕು.

ಬೆಂಗಳೂರಿನ ಆಚೆ ಇರುವವರು ನಗರಸಭೆ, ಪಾಲಿಕೆಯ ಆರೋಗ್ಯ ವಿಭಾಗದಲ್ಲಿ ಕೇಳಿ. ಹಳ್ಳಿಯಲ್ಲಾದರೆ ಪಂಚಾಯಿತಿಯ ಸ್ವಚ್ಛ ಸಂಕೀರ್ಣದಲ್ಲಿ, ಅಂದರೆ ಊರಿನ ಒಣ ಕಸ ಬೇರ್ಪಡಿಸುವ ಘಟಕದಲ್ಲಿ, ವಿಚಾರಿಸಿ. ಎರಡೂ ಕಡೆ ಆಗುವುದಿಲ್ಲ ಅಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಫೋನ್ ಮಾಡಿ, ಹತ್ತಿರದ ಅಧಿಕೃತರು ಯಾರು ಅಂತ ಕೇಳಿ.

ಗಾಡಿಯವರು ಬಂದ ದಿನ ಸಾಮಾನು ಲೋಡ್ ಮಾಡುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ. ಕಂಪ್ಯೂಟರ್, ಲ್ಯಾಪ್‌ಟಾಪ್, ಫೋನುಗಳ ಸೀರಿಯಲ್ ನಂಬರ್ ಬರೆದಿಡಿ. ತೂಕ, ತಾರೀಖು, ಒಯ್ದವರ ಹೆಸರು ಇರುವ ರಸೀದಿ ಕೇಳಿ. ಮನೆಯ ನಾಲ್ಕು ಸಾಮಾನಿಗೆ ಬರೀ ರಸೀದಿ ಸಾಕು. ಅಪಾರ್ಟ್‌ಮೆಂಟ್, ಆಫೀಸಿನ ಮಟ್ಟದಲ್ಲಾದರೆ ಮರುಬಳಕೆ ಪ್ರಮಾಣಪತ್ರ, ಹಾರ್ಡ್ ಡಿಸ್ಕ್ ಕೊಡುತ್ತಿದ್ದರೆ ಅದನ್ನು ಪುಡಿ ಮಾಡಿದ್ದಕ್ಕೆ ಬೇರೆ ಪತ್ರ, ಎರಡನ್ನೂ ಕೊಡುತ್ತೀರಾ ಅಂತ ಗಾಡಿ ಕರೆಸುವ ಮುಂಚೆಯೇ ಮಾತಾಡಿಕೊಳ್ಳಿ.