ಅಮೆರಿಕದಲ್ಲಿದ್ದು ಭಾರತದ ಮಗುವನ್ನು ದತ್ತು ಪಡೆಯುವ ಬಗೆ

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಾವು ಮಹಾರಾಷ್ಟ್ರದ ಒಂದು ಜಿಲ್ಲಾ ಕೇಂದ್ರದಿಂದ ಐದು ವರ್ಷ ಒಂಬತ್ತು ತಿಂಗಳ ಹೆಣ್ಣುಮಗುವನ್ನು ದತ್ತು ಪಡೆದು ಕರೆತಂದೆವು. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಮಗಿಬ್ಬರಿಗೂ ಇದು ಹೊರದೇಶದಿಂದ ಮಗುವನ್ನು ತರುವ ಕೆಲಸವೆಂದು ಅನ್ನಿಸಿರಲೇ ಇಲ್ಲ. ಆದರೆ ಅಮೆರಿಕದ ಪೌರತ್ವ ಪಡೆದು, ಭಾರತ ಮೂಲದ ವಿದೇಶಿ ಪೌರರಿಗೆ ಭಾರತ ಕೊಡುವ ಒಸಿಐ ಕಾರ್ಡು ಹಿಡಿದಿರುವ ನಮ್ಮಂಥವರು ಎರಡೂ ಸರ್ಕಾರಗಳ ಕಡತಗಳಲ್ಲಿ ಅಂತರ-ದೇಶ ದತ್ತು ಪಡೆಯುವ ಪೋಷಕರೇ ಆಗಿರುತ್ತೇವೆ. ಈ ದಾರಿಯಲ್ಲಿ ಹೊರಡಲಿರುವ ಕನ್ನಡ ಕುಟುಂಬಗಳಿಗೆ ಅನುಕೂಲವಾಗಲೆಂದು ನಾವು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಯಾವ ಕಾಗದ ಮೊದಲು, ಯಾವುದು ನಂತರ ಎಂಬ ಅನುಕ್ರಮ ತಪ್ಪಿದರೆ ಎಷ್ಟು ಹಣ ಸುರಿದರೂ ಕೆಲಸ ಮುಂದೆ ಸಾಗುವುದಿಲ್ಲವಾದ್ದರಿಂದ, ಬರವಣಿಗೆಯ ಬಹುಪಾಲು ಆ ಅನುಕ್ರಮದ ಬಗ್ಗೆಯೇ ಇದೆ.

ಊರಿನಲ್ಲಿ ಪತ್ರ ಬರೆಸಿಕೊಳ್ಳುವ ಮುನ್ನ

ದತ್ತು ಎಂದೊಡನೆ ನಮ್ಮ ಬಂಧುಬಳಗದಲ್ಲಿ ಮೊದಲು ಬರುವ ಸಲಹೆ ಒಂದೇ: ನೆಂಟರ ಪೈಕಿ ಯಾರದಾದರೂ ಮಗುವನ್ನು ಶಾಸ್ತ್ರೋಕ್ತವಾಗಿ ತೆಗೆದುಕೊಂಡು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದತ್ತಕ ಪತ್ರ ನೋಂದಾಯಿಸಿ, ವೀಸಾ ಮಾಡಿಸಿ ಕರೆದುಕೊಂಡು ಹೋಗಿ ಎಂಬುದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ ಅಂಥ ದತ್ತು ಊರಿನ ಮಟ್ಟಿಗೆ ಸಿಂಧುವೇ ಆಗಬಹುದು. ಆದರೆ ಅಂತರ-ದೇಶ ದತ್ತಿನ ಬಗೆಗಿನ 1993ರ ಹೇಗ್ ಒಡಂಬಡಿಕೆ ಭಾರತಕ್ಕೆ 2003ರಿಂದಲೂ ಅಮೆರಿಕಕ್ಕೆ 2008ರ ಏಪ್ರಿಲ್‌ನಿಂದಲೂ ಅನ್ವಯಿಸುತ್ತಿದ್ದು, ಅದರ ಕ್ರಮವನ್ನು ಬಿಟ್ಟು ಮಾಡಿಕೊಂಡ ದತ್ತಿನ ಆಧಾರದ ಮೇಲೆ ಮಗುವಿಗೆ ಅಮೆರಿಕದ ವಲಸೆ ವೀಸಾ ಸಿಗುವುದು ಬಹಳ ಕಷ್ಟ. ನಮಗೆ ಪರಿಚಯದ ಒಂದು ಕುಟುಂಬ ಪತ್ರ ನೋಂದಾಯಿಸಿದ ಮೇಲೆ ಈ ವಿಷಯ ತಿಳಿದುಕೊಂಡಿತು. ಮಗು ಕಾನೂನಿನ ಪ್ರಕಾರ ಅವರದ್ದಾಗಿದ್ದರೂ ಇಂದಿಗೂ ಅಜ್ಜಿಯ ಮನೆಯಲ್ಲೇ ಬೆಳೆಯುತ್ತಿದೆ. ನೆಂಟರ ಮಗುವನ್ನೇ ಪಡೆಯಬೇಕೆಂದಿರುವವರಿಗೆ ಬಾಲನ್ಯಾಯ ಕಾಯ್ದೆಯಲ್ಲಿ ಪ್ರತ್ಯೇಕ ಅವಕಾಶವಿದೆ. ಆದರೆ ಅಲ್ಲಿ ‘ಸಂಬಂಧಿ’ ಎಂದರೆ ಮಗುವಿನ ತಂದೆ ಅಥವಾ ತಾಯಿಯ ಒಡಹುಟ್ಟಿದವರು ಮತ್ತು ಅಜ್ಜ-ಅಜ್ಜಿಯರು ಮಾತ್ರ. ದಾಯಾದಿಗಳು, ಷಡ್ಡಕರು, ಬೀಗರ ಕಡೆಯವರು ಅದರೊಳಗೆ ಬರುವುದಿಲ್ಲ.

ಎರಡನೆಯದಾಗಿ ನಿಮ್ಮ ಪಾಸ್‌ಪೋರ್ಟು ಯಾವ ದೇಶದ್ದು ಎಂಬುದನ್ನು ನೋಡಿಕೊಳ್ಳಬೇಕು. ಇಲ್ಲೊಂದು ವಿಚಿತ್ರವಾದ ಇಕ್ಕಟ್ಟಿದೆ. ಭಾರತದ ಪಾಸ್‌ಪೋರ್ಟು ಉಳಿಸಿಕೊಂಡಿರುವ ಅನಿವಾಸಿಗಳನ್ನು ಭಾರತವು ಸ್ವದೇಶದ ನಿವಾಸಿಗಳಿಗೆ ಸಮನಾಗಿ ಪರಿಗಣಿಸುತ್ತದೆ. ಆದರೆ ಮಗುವನ್ನು ಅಮೆರಿಕಕ್ಕೆ ಕರೆತರಲು ಬೇಕಾದ ಐ-800 ಅರ್ಜಿಯನ್ನು ಅಮೆರಿಕದ ಪೌರರಷ್ಟೇ ಸಲ್ಲಿಸಬಹುದು. ದಂಪತಿಗಳಿಬ್ಬರೂ ಎಚ್-1ಬಿ ಅಥವಾ ಗ್ರೀನ್ ಕಾರ್ಡಿನಲ್ಲಿದ್ದರೆ ಈ ಬಾಗಿಲು ಮುಚ್ಚಿದೆಯೆಂದೇ ತಿಳಿಯಬೇಕು. ಆಗ ಉಳಿಯುವ ಮಾರ್ಗದಲ್ಲಿ ಮಗುವಿನೊಂದಿಗೆ ಎರಡು ವರ್ಷ ಒಟ್ಟಿಗೆ ವಾಸಿಸಿ, ಅಷ್ಟೇ ಕಾಲ ಕಾನೂನುಬದ್ಧ ಪಾಲನೆಯ ಹೊಣೆ ಹೊತ್ತಿರಬೇಕೆಂಬ ಷರತ್ತಿದ್ದು, ಅದಕ್ಕೆ ಸಿದ್ಧರಿರುವವರು ವಲಸೆ ವಕೀಲರನ್ನು ಕಂಡ ಮೇಲೆಯೇ ಮುಂದಿನ ಹೆಜ್ಜೆ ಇಡುವುದು ಒಳ್ಳೆಯದು.

ಯಾವ ಮಗು, ಯಾವ ವಯಸ್ಸು

ದತ್ತಿಗೆ ಕಾನೂನುಬದ್ಧವಾಗಿ ಮುಕ್ತವೆಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿದ ಮಗುವಿಗೆ 60 ದಿನಗಳೊಳಗೆ ಭಾರತೀಯ ಅಥವಾ ಅನಿವಾಸಿ ಭಾರತೀಯ ಪೋಷಕರು ದೊರೆಯದಿದ್ದರೆ, ಆ ಮಗು ಅಂತರ-ದೇಶ ದತ್ತಿಗೆ ಲಭ್ಯವಾಗುತ್ತದೆ. ಐದು ವರ್ಷ ದಾಟಿದವರು, ಒಡಹುಟ್ಟಿದವರ ಜೋಡಿ, ಅಂಗವೈಕಲ್ಯವುಳ್ಳವರು ಈ ಹಾದಿಯಲ್ಲಿ ಮೊದಲು ಬರುತ್ತಾರೆ. ಒಸಿಐ ಕಾರ್ಡುದಾರರಿಗೆ ಇತರ ವಿದೇಶೀಯರಿಗಿಂತ ಆದ್ಯತೆಯಿದೆಯಾದರೂ, ಆರು ತಿಂಗಳ ಕೂಸನ್ನೇ ತೊಟ್ಟಿಲಿಗೆ ಹಾಕಬೇಕೆಂದು ಕಾದು ಕುಳಿತರೆ ವರ್ಷಗಳೇ ಉರುಳಬಹುದು. ನಾವು ಆರಂಭದಲ್ಲೇ ನಾಲ್ಕರಿಂದ ಎಂಟು ವರ್ಷದೊಳಗಿನ ಮಗು ಎಂದು ಬರೆದುಕೊಟ್ಟೆವು. 2022ರ ದತ್ತು ನಿಯಮಾವಳಿಯ ಪ್ರಕಾರ ಎರಡು ವರ್ಷದೊಳಗಿನ ಮಗುವಿಗೆ ದಂಪತಿಗಳ ವಯಸ್ಸಿನ ಮೊತ್ತ 85ನ್ನೂ, ಎರಡರಿಂದ ನಾಲ್ಕರ ಮಗುವಿಗೆ 90ನ್ನೂ, ನಾಲ್ಕರಿಂದ ಎಂಟರ ಮಗುವಿಗೆ 100ನ್ನೂ, ಅದಕ್ಕೂ ದೊಡ್ಡವರಿಗೆ 110ನ್ನೂ ಮೀರಬಾರದು. ಮಗುವಿಗೂ ಪೋಷಕರಿಗೂ ಕನಿಷ್ಠ 25 ವರ್ಷಗಳ ಅಂತರವಿರಬೇಕು. ಮದುವೆಯಾಗಿ ಕನಿಷ್ಠ ಎರಡು ವರ್ಷ ಸಂಸಾರ ನಡೆಸಿರಬೇಕು. ಒಂಟಿ ಮಹಿಳೆ ಗಂಡುಮಗುವನ್ನಾದರೂ ಹೆಣ್ಣುಮಗುವನ್ನಾದರೂ ಪಡೆಯಬಹುದು. ಒಂಟಿ ಪುರುಷನಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ.

ಕನ್ನಡಿಗರಿಗೆ ಕನ್ನಡ ಮಾತನಾಡುವ ಮಗುವೇ ಸಿಗುತ್ತದೆಂದು ನಾವು ಹೇಗೋ ಭಾವಿಸಿಕೊಂಡಿದ್ದೆವು. ಅದು ಹಾಗಲ್ಲವೆಂದು ಮೊದಲೇ ತಿಳಿದಿದ್ದರೆ ಕಾಯುತ್ತಿದ್ದ ತಿಂಗಳುಗಳಲ್ಲಿ ಒಂದಿಷ್ಟು ಮರಾಠಿ ಕಲಿತಿರುತ್ತಿದ್ದೆವು.

ಕಾಗದಗಳು

ಭಾರತದಲ್ಲಿ ಇರುವವರು ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ, ಪೋರ್ಟಲಿನಲ್ಲಿ ತಾವೇ ನೋಂದಾಯಿಸಿಕೊಳ್ಳಬಹುದು. ಅಮೆರಿಕದಲ್ಲಿರುವವರು ಹೇಗ್ ಮಾನ್ಯತೆಯಿರುವ, ಜೊತೆಗೆ ಕಾರಾದಿಂದಲೂ ಅಧಿಕಾರ ಪಡೆದಿರುವ ಏಜೆನ್ಸಿಯ ಮೂಲಕವೇ ಹೋಗಬೇಕು. ಮನೆಗೆ ಬಂದು ಮಾತನಾಡಿ ವರದಿ ಬರೆಯುವ ಸಮಾಜ ಕಾರ್ಯಕರ್ತೆ ಅಡುಗೆಮನೆಯ ಕಪಾಟು ತೆರೆದು ನೋಡುತ್ತಾರೆಂದು ಹೆದರಿ ನಾನು ಎರಡು ದಿನ ಮನೆ ಒರೆಸಿದ್ದೆ. ಆಕೆ ಕೇಳಿದ್ದು ನಮ್ಮ ಬಾಲ್ಯದ ಬಗ್ಗೆ, ಜಗಳವಾದಾಗ ನಾವಿಬ್ಬರೂ ಏನು ಮಾಡುತ್ತೇವೆಂಬುದರ ಬಗ್ಗೆ, ನಮಗೇನಾದರೂ ಆದರೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂಬುದರ ಬಗ್ಗೆ. ಕೊನೆಯ ಪ್ರಶ್ನೆಗೆ ಲಿಖಿತ ಒಪ್ಪಿಗೆಯೇ ಬೇಕಾಗುವುದರಿಂದ, ಹೊಣೆ ಹೊರುವ ಅಣ್ಣನನ್ನೋ ಗೆಳತಿಯನ್ನೋ ಮೊದಲೇ ಕೇಳಿಟ್ಟುಕೊಳ್ಳಿ.

ಹೋಮ್ ಸ್ಟಡಿ ಎಂದು ಕರೆಯುವ ಈ ವರದಿ ಭಾರತದ ಮಟ್ಟಿಗೆ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಅಮೆರಿಕದ ವಲಸೆ ಇಲಾಖೆಗೆ ಸಲ್ಲಿಸುವಾಗ ಮಾತ್ರ ಅದು ಆರು ತಿಂಗಳಿಗಿಂತ ಹಳೆಯದಾಗಿರಬಾರದು. ದತ್ತು ಪಡೆಯಲು ಪೋಷಕರು ಅರ್ಹರೇ ಎಂದು ನೋಡುವ ಐ-800ಎ ಅರ್ಜಿಗೆ ಇಲಾಖೆ ನಮಗೆ ಕೊಟ್ಟ ಅನುಮತಿ 15 ತಿಂಗಳದ್ದಾಗಿತ್ತು. ಬೆರಳಚ್ಚಿಗೆ ಒಂದು ಗಡುವು, ವೈದ್ಯಕೀಯ ಪ್ರಮಾಣಪತ್ರಕ್ಕೆ ಇನ್ನೊಂದು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ ಪ್ರತಿಯೊಂದು ಕಾಗದದ ಮುಕ್ತಾಯದ ದಿನಾಂಕವನ್ನು ಬರೆದುಕೊಳ್ಳಿರೆಂದು ಕಟ್ಟುನಿಟ್ಟಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ಏಜೆನ್ಸಿಯವರೇ ನೋಡಿಕೊಳ್ಳುತ್ತಾರೆಂದು ನಂಬಿದ ನಾವು ಒಂದು ನವೀಕರಣವನ್ನು ತಪ್ಪಿಸಿಕೊಂಡು ಎರಡೂವರೆ ತಿಂಗಳು ಕಳೆದುಕೊಂಡೆವು.

ಕರ್ನಾಟಕದಲ್ಲಿ ಓದಿದವರಿಗೆ ಕಾಡುವ ತೊಡಕು ಇನಿಷಿಯಲ್‌ಗಳದ್ದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಅಕ್ಷರ, ಮದುವೆಯ ಪ್ರಮಾಣಪತ್ರದಲ್ಲಿ ತಂದೆಯ ಹೆಸರು, ಅಮೆರಿಕದ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರೇ ಕುಲನಾಮವಾಗಿ ಕುಳಿತಿರುವುದು, ಇವೆಲ್ಲ ಒಬ್ಬಳೇ ಹೆಂಗಸಿನವೆಂದು ಪ್ರಮಾಣ ಮಾಡಬೇಕಾಗುತ್ತದೆ. ನನ್ನ ಜನನ ಪ್ರಮಾಣಪತ್ರದಲ್ಲಂತೂ ಹೆಸರಿನ ಜಾಗವೇ ಖಾಲಿಯಿದ್ದು, ‘ಹೆಣ್ಣು’ ಎಂದಷ್ಟೇ ಬರೆದಿತ್ತು. ಊರಿನಲ್ಲಿರುವ ಯಾರಾದರೊಬ್ಬರಿಂದ ಹೆಸರು ಸೇರಿಸಿದ ಹೊಸ ಪ್ರತಿಯನ್ನು ಮೊದಲ ತಿಂಗಳಲ್ಲೇ ತರಿಸಿಕೊಳ್ಳಿ. ಇತ್ತ ಅಮೆರಿಕದ ದಾಖಲೆಗಳಿಗೆ ನೋಟರಿಯ ಜೊತೆಗೆ ದಾಖಲೆ ಅಸಲಿಯೆಂದು ಹೊರದೇಶಗಳಿಗೆ ದೃಢಪಡಿಸುವ ಆಯಾ ರಾಜ್ಯದ ಅಪೊಸ್ಟಿಲ್ ಮುದ್ರೆಯೂ ಬೇಕು.

ಮಗುವಿನ ವಿವರ ಬಂದ ಮೇಲೆ

ಕಾರಾ ಕಡೆಯಿಂದ ಮಗುವಿನ ಫೋಟೋ, ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿ ಬರುತ್ತವೆ. ನಿರ್ಧಾರಕ್ಕೆ ಸಮಯ ಕಡಿಮೆ. ಆದ್ದರಿಂದ ಇಂಥ ವರದಿಗಳನ್ನು ಓದಿ ಅಭ್ಯಾಸವಿರುವ ಮಕ್ಕಳ ವೈದ್ಯರನ್ನು ಮುಂಚೆಯೇ ಗೊತ್ತುಮಾಡಿಕೊಂಡಿರಬೇಕು. ಎತ್ತರ, ತೂಕ ಮತ್ತು ತಲೆಯ ಸುತ್ತಳತೆಯನ್ನು ಹಲವು ತಿಂಗಳುಗಳ ಅಂತರದಲ್ಲಿ ಅಳೆದ ಅಂಕಿಗಳಿದ್ದರೆ ಕೇಳಿ ತರಿಸಿಕೊಳ್ಳಿ. ಒಂದೇ ದಿನದ ಅಳತೆ ಹೆಚ್ಚೇನನ್ನೂ ಹೇಳುವುದಿಲ್ಲ. ಜನ್ಮದಿನಾಂಕವನ್ನು ವೈದ್ಯರು ಅಂದಾಜಿಸಿ ಬರೆದಿರುವ ಸಾಧ್ಯತೆಯೂ ಇದೆ. ನಮ್ಮ ಅತ್ತೆಯವರು ನಕ್ಷತ್ರ ಕೇಳಿದಾಗ, ಕಡತದಲ್ಲಿ ಹುಟ್ಟಿದ ವೇಳೆಯಿಲ್ಲ, ದಿನವೂ ಅಂದಾಜಿನದು ಎಂದು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಮನೆಗೆ ಬಂದ ದಿನದ ನಕ್ಷತ್ರವನ್ನೇ ಇಟ್ಟುಕೊಳ್ಳೋಣ ಎಂದರು.

ಒಪ್ಪಿಗೆಗೆ ಸಹಿ ಹಾಕಿದ ಮೇಲಿನ ಅನುಕ್ರಮವನ್ನು ಎಚ್ಚರದಿಂದ ಓದಿಕೊಳ್ಳಿ. ಮೊದಲು ಆ ನಿರ್ದಿಷ್ಟ ಮಗುವಿನ ಹೆಸರಿನಲ್ಲಿ ಐ-800 ಅರ್ಜಿ ಸಲ್ಲಿಸಿ ತಾತ್ಕಾಲಿಕ ಅನುಮೋದನೆ ಪಡೆಯಬೇಕು. ಆಮೇಲೆ ದಿಲ್ಲಿಯ ಅಮೆರಿಕನ್ ರಾಯಭಾರ ಕಚೇರಿ ವೀಸಾ ಅರ್ಜಿಯನ್ನು ಪರಿಶೀಲಿಸಿ, ಪೋಷಕರು ಅರ್ಹರು, ಮಗುವಿಗೆ ಅಮೆರಿಕದ ಪ್ರವೇಶ ಸಿಗುತ್ತದೆ ಎಂದು ತಿಳಿಸುವ, ಹೇಗ್ ಒಡಂಬಡಿಕೆಯ 5ನೇ ವಿಧಿಯ ಪತ್ರವನ್ನು ನೀಡುತ್ತದೆ. ಅದು ಕೈಸೇರಿದ ಬಳಿಕ ಕಾರಾ ನಿರಾಕ್ಷೇಪಣಾ ಪತ್ರ ಕೊಡುತ್ತದೆ. ಅದರ ಆಧಾರದ ಮೇಲೆ ಮಗುವಿರುವ ವಿಶೇಷ ದತ್ತು ಸಂಸ್ಥೆಯು ಆ ಜಿಲ್ಲೆಯ ಜಿಲ್ಲಾಧಿಕಾರಿಗಳ ಮುಂದೆ ಅರ್ಜಿ ಹಾಕುತ್ತದೆ. ಹಿಂದೆ ನ್ಯಾಯಾಲಯ ಮಾಡುತ್ತಿದ್ದ ಈ ದತ್ತು ಆದೇಶದ ಅಧಿಕಾರ ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿ ಜಾರಿಗೆ ಬಂದ 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗಳದ್ದಾಗಿದ್ದು, ಎರಡು ತಿಂಗಳೊಳಗೆ ಆದೇಶವಾಗಬೇಕೆಂದು ಕಾಯ್ದೆ ಹೇಳುತ್ತದೆ. ಆದೇಶ ಬಂದ ಮೇಲೆ ನಮ್ಮ ಹೆಸರುಗಳಿರುವ ಜನನ ಪ್ರಮಾಣಪತ್ರ, ಮಗುವಿನ ಭಾರತೀಯ ಪಾಸ್‌ಪೋರ್ಟು, ದತ್ತು ಹೇಗ್ ಒಡಂಬಡಿಕೆಯಂತೆಯೇ ನಡೆದಿದೆಯೆಂಬ ಕಾರಾದ ಅನುಸರಣಾ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ, ವೀಸಾ ಒಂದರ ಹಿಂದೊಂದು ಬರುತ್ತವೆ. 5ನೇ ವಿಧಿಯ ಪತ್ರಕ್ಕೆ ಮುನ್ನವೇ ಊರಿನಲ್ಲಿ ಆದೇಶ ಮಾಡಿಸಿಕೊಳ್ಳಲು ಯಾರಾದರೂ ಪುಸಲಾಯಿಸಿದರೆ ಒಪ್ಪಬೇಡಿ. ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ರಾತ್ರಿಯ ಪ್ರಶ್ನೆ

ಮಗುವನ್ನು ಕಾಣಲು ಹೋದಾಗ ಸಂಸ್ಥೆಯ ಆಯಾಗಳೊಡನೆ ಅರ್ಧ ದಿನವನ್ನಾದರೂ ಕಳೆಯಬೇಕು. ವರದಿಯಲ್ಲಿ ಇಲ್ಲದಿರುವುದೆಲ್ಲ ಅವರಿಗೆ ಗೊತ್ತಿರುತ್ತದೆ. ಏನು ತಿನ್ನುತ್ತಾಳೆ, ಯಾರ ಪಕ್ಕದಲ್ಲಿ ಮಲಗುತ್ತಾಳೆ, ಅತ್ತರೆ ಏನು ಮಾಡುತ್ತೀರಿ, ದಿನದ ಯಾವ ಹೊತ್ತಿಗೆ ಯಾರಿರುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ನಾವು ಮೊದಲ ಮೂರನ್ನು ಕೇಳಿ ನಾಲ್ಕನೆಯದನ್ನು ಬಿಟ್ಟೆವು.

ಮಗಳು ನಮ್ಮ ಕೈಗೆ ಬಂದ ಮೇಲೆ ಪಾಸ್‌ಪೋರ್ಟಿಗಾಗಿ ಕಾಯುತ್ತಾ ಅದೇ ಊರಿನ ಒಂದು ವಸತಿಗೃಹದಲ್ಲಿ ಮೂರು ವಾರ ಇದ್ದೆವು. ಹಗಲೆಲ್ಲ ಗೆಲುವಾಗಿದ್ದು, ನಾನು ಮಾಡಿದ ತೊವ್ವೆ ಅನ್ನವನ್ನು ವರಣ-ಭಾತವೆಂದು ಕರೆದು ಉಣ್ಣುತ್ತಿದ್ದ ಹುಡುಗಿ, ಬೀದಿದೀಪ ಹತ್ತುತ್ತಿದ್ದಂತೆ ನನ್ನ ಸೆರಗು ಹಿಡಿದು “ರಾತ್ರೀ ಕೋಣ?” ಎನ್ನುತ್ತಿದ್ದಳು. ರಾತ್ರಿ ಕೋಣ! ಸಂಸ್ಥೆಯ ಹಿತ್ತಲಿನಲ್ಲಿ ಯಾವುದೋ ಕೋಣ ಕಂಡು ಹೆದರಿರಬೇಕೆಂದು ನಾವು ತೀರ್ಮಾನಿಸಿದೆವು. ಹಿಂದಿ ಬಲ್ಲ ನನ್ನ ಗಂಡನಿಗೂ ಬೇರೇನೂ ಹೊಳೆಯಲಿಲ್ಲ. ಅವರು ಕಿಟಕಿಯ ಪರದೆ ಸರಿಸಿ, ಹೊರಗೆ ಕೋಣವೂ ಇಲ್ಲ, ಎಮ್ಮೆಯೂ ಇಲ್ಲವೆಂದು ತೋರಿಸುತ್ತಿದ್ದರು. ಅವಳು ಕತ್ತಲನ್ನು ನೋಡಿ, ಮತ್ತೆ ನಮ್ಮ ಮುಖ ನೋಡಿ, ಅದೇ ಪ್ರಶ್ನೆ ಕೇಳುತ್ತಿದ್ದಳು. ನಾಲ್ಕನೆಯ ದಿನ ನ್ಯೂಜೆರ್ಸಿಯ ನಮ್ಮ ನೆರೆಮನೆಯ ಮರಾಠಿ ಗೆಳತಿಗೆ ಫೋನಿನಲ್ಲಿ ಇದನ್ನು ಹೇಳಿದಾಗ, ಆಕೆ ಮೊದಲು ನಕ್ಕು ಆಮೇಲೆ ಸುಮ್ಮನಾದಳು. ಮರಾಠಿಯಲ್ಲಿ ‘ಕೋಣ’ ಎಂದರೆ ‘ಯಾರು’. ಸಂಸ್ಥೆಯಲ್ಲಿ ಹಗಲಿನ ಆಯಾ ಸಂಜೆ ಆರಕ್ಕೆ ಮನೆಗೆ ಹೋಗುತ್ತಿದ್ದಳು; ರಾತ್ರಿಪಾಳಿಗೆ ಬೇರೆಯವರು ಬರುತ್ತಿದ್ದರು. ಹಗಲಿನ ಹೆಂಗಸಾದ ನಾನು ಹೊರಟ ಮೇಲೆ ರಾತ್ರಿಗೆ ಯಾರು ಬರುತ್ತಾರೆಂದು ಮಗು ವಿಚಾರಿಸುತ್ತಿತ್ತು. ಗೆಳತಿ ಹೇಳಿಕೊಟ್ಟಂತೆ ಅಂದು ಸಂಜೆ “ಮೀಚ. ಉದ್ಯಾ ಪಣ ಮೀಚ” ಎಂದೆ: ನಾನೇ, ನಾಳೆಯೂ ನಾನೇ. ಅವಳು ನಂಬಲಿಲ್ಲ. ನಂಬುವುದಕ್ಕೆ ಏಳೆಂಟು ತಿಂಗಳು ಹಿಡಿಯಿತು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಐದು ವರ್ಷದ ಮಗು ತನ್ನದೇ ಭಾಷೆ, ರುಚಿ, ದಿನಚರಿಗಳೊಂದಿಗೆ ಬರುತ್ತದೆ. ಬಂದ ಮೊದಲ ವಾರದಲ್ಲೇ ನೆಂಟರಿಷ್ಟರನ್ನೆಲ್ಲ ಕರೆದು ಔತಣ ಮಾಡಬೇಡಿ. ಮೊದಲ ಎರಡು ಮೂರು ತಿಂಗಳು ಊಟ, ಸ್ನಾನ, ಮಲಗಿಸುವುದನ್ನು ತಾಯಿ-ತಂದೆಯರಷ್ಟೇ ಮಾಡಿ. ಉದ್ಯೋಗದಲ್ಲಿರುವವರು ರಜೆಯನ್ನು ಪ್ರಯಾಣಕ್ಕೆ ಮುಗಿಸದೆ ಇದಕ್ಕಾಗಿ ಉಳಿಸಿಕೊಳ್ಳಿ. ಹೆಸರನ್ನು ಬದಲಿಸುವ ಬಗ್ಗೆ ಬೇರೆಯವರಿಗೆ ಬೇರೆ ಅಭಿಪ್ರಾಯವಿರಬಹುದು. ಕರೆದರೆ ತಿರುಗಿ ನೋಡುವ ಹೆಸರನ್ನು ಈ ವಯಸ್ಸಿನಲ್ಲಿ ಕಿತ್ತುಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನಾಮಕರಣದ ದಿನ ಅತ್ತೆಯವರು ಅಕ್ಕಿಯ ಮೇಲೆ ಅವಳ ಹಳೆಯ ಹೆಸರನ್ನೇ ಬರೆಸಿದರು.

ಬಂದ ಮೇಲಿನ ಕೆಲಸ

ದತ್ತು ಭಾರತದಲ್ಲೇ ಪೂರ್ಣಗೊಂಡಿದ್ದರೆ ಮಗುವಿಗೆ ಐಎಚ್-3 ವೀಸಾ ಸಿಗುತ್ತದೆ. ಅಮೆರಿಕದ ನೆಲಕ್ಕೆ ಕಾಲಿಟ್ಟು ಪೋಷಕರೊಡನೆ ನೆಲೆಸಲು ಬಂದ ದಿನದಿಂದಲೇ ಅದು ಅಲ್ಲಿನ ಪೌರತ್ವ ಪಡೆಯುತ್ತದೆ. ಪೌರತ್ವದ ಪ್ರಮಾಣಪತ್ರ ಅಂಚೆಯಲ್ಲಿ ಬರುತ್ತದೆ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಅಮೆರಿಕದ ಪಾಸ್‌ಪೋರ್ಟು, ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಒಸಿಐ ಕಾರ್ಡು ಮಾಡಿಸುವುದು, ತೆರಿಗೆಯಲ್ಲಿ ದತ್ತಿನ ರಿಯಾಯಿತಿಗೆ ಫಾರ್ಮ್ 8839 ತುಂಬುವುದು, ಇವೆಲ್ಲ ಮಾಮೂಲಿ ಕೆಲಸಗಳು. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತೆ ಮನೆಗೆ ಬಂದು ಮಗುವಿನ ಯೋಗಕ್ಷೇಮದ ವರದಿಯನ್ನು ಕಾರಾಕ್ಕೆ ಕಳಿಸುತ್ತಾರೆ.

ಕೆಲಸ ಮುಗಿಯಿತೆಂದು ಕಡತವನ್ನು ಅಟ್ಟಕ್ಕೆ ಹಾಕಬೇಡಿ. 18 ತುಂಬಿದ ಮೇಲೆ ತನ್ನ ಮೂಲದ ಬಗ್ಗೆ ವಿಚಾರಿಸಿ ತಾನೇ ಅರ್ಜಿ ಸಲ್ಲಿಸುವ ಅವಕಾಶ ಮಗುವಿಗಿದೆ. ಹೆತ್ತವರ ಗೋಪ್ಯತೆಯನ್ನು ಕಾಪಾಡಿಕೊಂಡು ಉತ್ತರ ಕೊಡುತ್ತಾರೆ. ನಾವು ಅಧ್ಯಯನ ವರದಿ, ಆದೇಶ, ರದ್ದಾದ ಭಾರತೀಯ ಪಾಸ್‌ಪೋರ್ಟುಗಳ ಜೊತೆಗೆ ಆಯಾಗಳಿಬ್ಬರೊಡನೆ ತೆಗೆದ ಫೋಟೋವನ್ನೂ ಒಂದು ಡಬ್ಬಿಯಲ್ಲಿಟ್ಟು, ಅವಳ ಕೈಗೆ ಎಟುಕುವ ಕಪಾಟಿನಲ್ಲಿ ಇರಿಸಿದ್ದೇವೆ. ಫೋಟೋದ ಹಿಂದೆ ಅವಳು ಈಚೆಗೆ ಕನ್ನಡದಲ್ಲಿ ‘ಹಗಲು’ ಎಂದು ಒಬ್ಬರಿಗೂ ‘ರಾತ್ರಿ’ ಎಂದು ಇನ್ನೊಬ್ಬರಿಗೂ ಬಾಣದ ಗುರುತು ಹಾಕಿ ಬರೆದಿದ್ದಾಳೆ.