ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗಿಯರಿಗೆ: ಊಟ, ನಿದ್ದೆ, ಓದು, ಒಡನಾಟ

ದಾವಣಗೆರೆಗೆ ಓದಲು ಬರುವ ತುಂಬಾ ಮಕ್ಕಳಿಗೆ ಮನೆ ಬಿಟ್ಟು ಇರುವುದು ಇದೇ ಮೊದಲು. ಜಗಳೂರು, ಹರಪನಹಳ್ಳಿ, ಚನ್ನಗಿರಿ, ಮೊಳಕಾಲ್ಮುರು, ಹೀಗೆ ಸುತ್ತಲಿನ ಊರುಗಳಿಂದ ಬರುತ್ತಾರೆ. ಮನೆಯಲ್ಲಿ ಅವ್ವ ಎಬ್ಬಿಸುತ್ತಿದ್ದಳು, ತಟ್ಟೆ ಮುಂದಿಡುತ್ತಿದ್ದಳು, ಲೈಟ್ ಆರಿಸು ಎಂದು ಗದರುತ್ತಿದ್ದಳು. ಇಲ್ಲಿ ಇದನ್ನೆಲ್ಲ ನೀವೇ ನೋಡಿಕೊಳ್ಳಬೇಕು.

ನಾನು ಇಲ್ಲಿನ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರಲ್ಲಿ ವಾರ್ಡನ್. ಮಕ್ಕಳು ಸೊರಗುವುದು ಹೇಗೆ ಶುರುವಾಗುತ್ತದೆ ಎಂದು ವರ್ಷ ವರ್ಷವೂ ನೋಡುತ್ತೇನೆ. ರಾತ್ರಿ ಒಂದು ಗಂಟೆಯವರೆಗೆ ಮೊಬೈಲ್. ಬೆಳಿಗ್ಗೆ ಏಳಲು ಆಗುವುದಿಲ್ಲ. ತಿಂಡಿ ಬಿಟ್ಟು ಬಸ್ಸಿಗೆ ಓಟ. ಮಧ್ಯಾಹ್ನ ತಲೆನೋವು, ಅದಕ್ಕೊಂದು ಟೀ. ಸಂಜೆ ಹಸಿವು ತಡೆಯದೆ ಮಿರ್ಚಿ, ಮಂಡಕ್ಕಿ. ರಾತ್ರಿ ಊಟ ಬೇಡ. ಎರಡು ತಿಂಗಳಲ್ಲಿ ಮುಖ ಬಾಡುತ್ತದೆ, ಸಣ್ಣ ಮಾತಿಗೂ ಅಳು ಬರುತ್ತದೆ. ಅದಕ್ಕೇ ಹೇಳುತ್ತೇನೆ, ದುಬಾರಿ ಹಣ್ಣು, ಪ್ರೋಟೀನ್ ಪುಡಿ, ಜಿಮ್ ಎಲ್ಲ ಆಮೇಲೆ ನೋಡೋಣ. ಮೊದಲು ದಿನದ ಹೊತ್ತು ಸರಿ ಮಾಡಿಕೊಳ್ಳಿ.

ಶುರು ಮಾಡುವುದು ಬೆಳಗಿನ ತಿಂಡಿಯಿಂದ. ವಿಶ್ವವಿದ್ಯಾಲಯ ಇರುವುದು ಊರ ಹೊರಗೆ, ತೋಳಹುಣಸೆಯಲ್ಲಿ. ಊರೊಳಗೆ ಉಳಿದವರಿಗೆ ಬಸ್ಸಿನ ಚಿಂತೆ ಇದ್ದೇ ಇರುತ್ತದೆ. ಕೂತು ತಿನ್ನಲು ಆಗಲಿಲ್ಲವೇ? ಡಬ್ಬಿಗೆ ಹಾಕಿಕೊಂಡು ಹೋಗಿ. ಮೊದಲ ಕ್ಲಾಸ್ ಮುಗಿದ ಕೂಡಲೇ ತಿನ್ನಿ. ಹಾಸ್ಟೆಲಿನ ಉಪ್ಪಿಟ್ಟು, ಚಿತ್ರಾನ್ನ, ಮಂಡಕ್ಕಿ ಒಗ್ಗರಣೆ ಹೊಟ್ಟೆ ತುಂಬಿಸುತ್ತವೆ. ಆದರೆ ಅದರಲ್ಲಿ ಕಾಳು ಕಡಿಮೆ, ಬೇಗ ಹಸಿವಾಗುತ್ತದೆ. ಜೊತೆಗೆ ಒಂದು ಮುಷ್ಟಿ ಹುರಿದ ಶೇಂಗಾ ತಿನ್ನಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ. ಮೊಟ್ಟೆ ತಿನ್ನುವವರಿಗೆ ಒಂದು ಬೇಯಿಸಿದ ಮೊಟ್ಟೆಯಲ್ಲಿ 6 ಗ್ರಾಂ ಸಿಗುತ್ತದೆ. ನಮ್ಮ ಪಕ್ಕದ ಚಳ್ಳಕೆರೆ ಶೇಂಗಾಕ್ಕೇ ಹೆಸರಾದ ಊರು. ಅಷ್ಟು ಹತ್ತಿರ ಇಂಥ ಒಳ್ಳೆಯ ಆಹಾರ ಇಟ್ಟುಕೊಂಡು ಡಬ್ಬದ ಪುಡಿಗೆ ಸಾವಿರಗಟ್ಟಲೆ ಯಾಕೆ ಸುರಿಯಬೇಕು?

ಬೆಣ್ಣೆ ದೋಸೆ ಬಿಡಿ ಎಂದು ನಾನು ಹೇಳುವುದಿಲ್ಲ. ದಾವಣಗೆರೆಯಲ್ಲಿದ್ದು ಅದನ್ನು ಬಿಡಲು ಆಗುತ್ತದೆಯೇ? ಭಾನುವಾರ ಗೆಳತಿಯರ ಜೊತೆ ಹೋಗಿ, ಖುಷಿಯಾಗಿ ತಿಂದು ಬನ್ನಿ. ದಿನಾ ಬೇಡ ಅಷ್ಟೇ. ಸಂಜೆಯ ಮಂಡಕ್ಕಿಯೂ ಹಾಗೇ. ಖಾರ ಮಂಡಕ್ಕಿಗೆ ಈರುಳ್ಳಿ, ಟೊಮೆಟೊ, ಶೇಂಗಾ ಹಾಕಿಸಿ, ನಿಂಬೆಹಣ್ಣು ಹಿಂಡಿಸಿದರೆ ಒಳ್ಳೆಯ ತಿನಿಸು. ಪಕ್ಕದಲ್ಲಿ ನಾಲ್ಕು ಮಿರ್ಚಿ ಬಂದು ಕೂತಾಗ ಲೆಕ್ಕ ತಪ್ಪುತ್ತದೆ.

ಹೆಣ್ಣುಮಕ್ಕಳು ಇದನ್ನು ಗಮನ ಇಟ್ಟು ಓದಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ಮೆಟ್ಟಿಲು ಹತ್ತಿದರೆ ಏದುಸಿರು, ಕ್ಲಾಸಿನಲ್ಲಿ ತೂಕಡಿಕೆ, ಕೂದಲು ಉದುರುವುದು, ಓದಿದ್ದು ತಲೆಗೆ ಹತ್ತದಿರುವುದು. ಇದನ್ನೆಲ್ಲ ಮನೆಯವರು ಸೋಮಾರಿತನ ಎನ್ನುತ್ತಾರೆ. ಎಷ್ಟೋ ಸಲ ಅದು ಸೋಮಾರಿತನ ಅಲ್ಲ, ಹಿಮೋಗ್ಲೋಬಿನ್ ಕಡಿಮೆ ಆಗಿರುವುದು. ಅದು 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ ಎಂದು ಲೆಕ್ಕ. ನಗರದ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿಸಬಹುದು. ವರ್ಷಕ್ಕೊಮ್ಮೆ ಮಾಡಿಸಿ. ಸೊಪ್ಪಿನ ಪಲ್ಯ, ಹುರುಳಿಕಾಳಿನ ಸಾರು ಬಡಿಸಿದ ದಿನ ಬೇಡ ಎನ್ನಬೇಡಿ. ಅದರ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಿ, ಇಲ್ಲವೇ ಊಟದ ಜೊತೆ ಪೇರಲ ಹಣ್ಣು ತಿನ್ನಿ. ಈ ಹಣ್ಣುಗಳಲ್ಲಿರುವ ವಿಟಮಿನ್ ಸಿ ಕಬ್ಬಿಣದ ಅಂಶವನ್ನು ಮೈಗೆ ಹತ್ತಿಸುತ್ತದೆ. ಟೀ ಅದನ್ನು ತಡೆಯುತ್ತದೆ. ಹಾಗಾಗಿ ಊಟಕ್ಕೂ ಟೀಗೂ ಒಂದು ಗಂಟೆಯಾದರೂ ಅಂತರ ಇರಲಿ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿದ್ದರೆ, ತಿಂಗಳುಗಟ್ಟಲೆ ಮುಟ್ಟು ಆಗದಿದ್ದರೆ ನಾಚಿಕೊಂಡು ಸುಮ್ಮನೆ ಕೂರಬೇಡಿ. ಡಾಕ್ಟರ ಹತ್ತಿರ ಹೋಗಿ.

ನಿದ್ದೆಗೆ ನಾನು ಎಷ್ಟು ಒತ್ತಿ ಹೇಳಿದರೂ ಪರೀಕ್ಷೆ ಬಂದಾಗ ಎಲ್ಲರೂ ಮರೆಯುತ್ತಾರೆ. ನಿಮ್ಮ ವಯಸ್ಸಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ಹಗಲು ಓದಿದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲೇ. ಇಡೀ ರಾತ್ರಿ ಓದಿ ಪರೀಕ್ಷೆಗೆ ಹೋದವಳು ಪ್ರಶ್ನೆ ಪತ್ರಿಕೆ ಮುಂದೆ ಗೊತ್ತಿದ್ದದ್ದನ್ನೂ ಮರೆತು ಕೂರುತ್ತಾಳೆ. ಕಾಫಿ, ಟೀ ಕುಡಿದು ಐದಾರು ಗಂಟೆ ಆದರೂ ಅದರ ಅರ್ಧದಷ್ಟು ಕೆಫೀನ್ ಮೈಯಲ್ಲಿ ಉಳಿದಿರುತ್ತದೆ. ಸಂಜೆ ಐದರ ನಂತರ ಬೇಡ. ಮೊಬೈಲನ್ನು ದಿಂಬಿನ ಪಕ್ಕ ಇಟ್ಟುಕೊಳ್ಳದೆ, ಎದ್ದು ಹೋಗಿ ತೆಗೆದುಕೊಳ್ಳುವಷ್ಟು ದೂರದಲ್ಲಿ ಚಾರ್ಜಿಗೆ ಹಾಕಿ. ನಮ್ಮ ಹಾಸ್ಟೆಲಿನಲ್ಲಿ ಕೆಲವು ರೂಮಿನವರು ಎಲ್ಲರ ಮೊಬೈಲನ್ನೂ ರಾತ್ರಿ ಹತ್ತೂವರೆಗೆ ಕಿಟಕಿ ಪಕ್ಕದ ಟೇಬಲ್ ಮೇಲೆ ಸಾಲಾಗಿ ಇಡುತ್ತಾರೆ. ಎಲ್ಲರೂ ಸೇರಿ ಮಾಡುವುದರಿಂದ ಯಾರಿಗೂ ಕಷ್ಟ ಆಗುವುದಿಲ್ಲ.

ನಡಿಗೆಗೆ ಕುಂದವಾಡ ಕೆರೆ ಇದೆ. ಬೆಳಿಗ್ಗೆ ಗಾಳಿ ತಂಪಾಗಿರುತ್ತದೆ, ಹಕ್ಕಿಗಳು ಕಾಣುತ್ತವೆ. ದೂರ ಆದರೆ ಕ್ಯಾಂಪಸ್ ರಸ್ತೆಯೇ ಸಾಕು, ಹಾಸ್ಟೆಲ್ ತಾರಸಿಯಲ್ಲಿ ಸ್ಕಿಪ್ಪಿಂಗ್ ಆಡಿದರೂ ಸರಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದಲ್ಲಿ ಐದು ದಿನ ಅರ್ಧ ಗಂಟೆ ಅಂದರೆ ಆಯಿತು.

ಈಗ ಮನಸ್ಸಿನ ಮಾತು. ಇಲ್ಲಿಗೆ ಬರುವ ಮಕ್ಕಳನ್ನು ಹೆಚ್ಚು ಕಾಡುವುದು ಮನೆ ನೆನಪು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಕಂಡ ಹಾಗೆ ಅದಕ್ಕಿಂತ ದೊಡ್ಡ ನೋವು ಇಂಗ್ಲಿಷಿನದು. ಕನ್ನಡ ಮಾಧ್ಯಮದಲ್ಲಿ ಓದಿ, ಊರಿಗೇ ಮೊದಲ ಸ್ಥಾನ ಪಡೆದ ಹುಡುಗಿ ಇಲ್ಲಿ ಕ್ಲಾಸಿನಲ್ಲಿ ಕೂತರೆ ಏನೂ ಅರ್ಥವಾಗುವುದಿಲ್ಲ. ಕೇಳಲು ಭಯ, ನಕ್ಕರೆ ಎಂಬ ಅಳುಕು. ಮನೆಯಲ್ಲಿ ಹೇಳಿದರೆ ಅಪ್ಪ ಬೇಸರ ಮಾಡಿಕೊಳ್ಳುತ್ತಾರೆ ಎಂದು ಫೋನಿನಲ್ಲಿ 'ಚೆನ್ನಾಗಿದ್ದೀನಿ' ಎನ್ನುತ್ತಾಳೆ. ಆಮೇಲೆ ಕ್ಲಾಸಿಗೆ ಹೋಗುವುದೇ ಬಿಡುತ್ತಾಳೆ. ಇಂಥ ಮಕ್ಕಳು ದಡ್ಡರಲ್ಲವೇ ಅಲ್ಲ. ಇದನ್ನು ನಾನು ಎದೆ ಮುಟ್ಟಿಕೊಂಡು ಹೇಳುತ್ತೇನೆ.

ಇದಕ್ಕೆ ದಾರಿ ಇದೆ. ಒಂದೇ ವಿಷಯ ಓದುವ ಮೂರು ನಾಲ್ಕು ಜನ ಸೇರಿ. ಸಂಜೆ ಮುಕ್ಕಾಲು ಗಂಟೆ ಕೂತು, ಅವತ್ತಿನ ಪಾಠವನ್ನು ಒಬ್ಬರಿಗೊಬ್ಬರು ಕನ್ನಡದಲ್ಲೇ ಹೇಳಿ. ಅರ್ಥ ಆದ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಐದು ಸಾಲು ಬರೆಯಿರಿ. ತಪ್ಪಿದ್ದರೂ ಪರವಾಗಿಲ್ಲ. ನಾಳೆ ಪಾಠ ಮಾಡಲಿರುವ ಅಧ್ಯಾಯದ ಕಷ್ಟದ ಪದಗಳನ್ನು ಹಿಂದಿನ ರಾತ್ರಿಯೇ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಆಗ ಕ್ಲಾಸಿನಲ್ಲಿ ಆ ಪದ ಕಿವಿಗೆ ಬಿದ್ದಾಗ ಹೊಸದು ಅನ್ನಿಸುವುದಿಲ್ಲ. ಕ್ಲಾಸಿನ ನಡುವೆ ಕೇಳಲು ಆಗದಿದ್ದರೆ ಮುಗಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ ಕನ್ನಡದಲ್ಲೇ ಕೇಳಿ. ಮೊದಲ ಸೆಮಿಸ್ಟರಿನಲ್ಲಿ ಅಳುತ್ತಿದ್ದ ಜಗಳೂರು ಕಡೆಯ ಹುಡುಗಿಯೊಬ್ಬಳು ಹೀಗೇ ಮಾಡಿದಳು. ಈಗ ಕಿರಿಯರನ್ನು ಕೂರಿಸಿಕೊಂಡು ಅವಳೇ ಪಾಠ ಹೇಳುತ್ತಾಳೆ. ಅವಳ ನಗು ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ.

ಊಟಕ್ಕೆ ಒಬ್ಬರೇ ಕೂರಬೇಡಿ. ರೂಮಿಗೆ ತಟ್ಟೆ ಒಯ್ದು ಮೊಬೈಲ್ ನೋಡುತ್ತಾ ತಿನ್ನುವ ಹುಡುಗಿಯನ್ನು ಕಂಡರೆ ನಾನು ಕರೆದು ಮಾತಾಡಿಸುತ್ತೇನೆ. ನೀವೂ ಹಾಗೇ ಮಾಡಿ, ಪಕ್ಕದ ರೂಮಿನವಳು ಎರಡು ದಿನ ಊಟಕ್ಕೆ ಬರದಿದ್ದರೆ ಬಾಗಿಲು ಬಡಿದು ಕರೆಯಿರಿ. ಎರಡು ವಾರವಾದರೂ ಬೇಸರ ಹೋಗದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಒಂದು ನಿಮಿಷವೂ ತಡ ಮಾಡದೆ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸ್ಕಾಲರ್‌ಶಿಪ್ ತಡವಾದರೆ ಮೊಬೈಲ್ ಆ್ಯಪ್‌ಗಳಲ್ಲಿ ಸಾಲ ತೆಗೆಯಬೇಡಿ. ವಾರ್ಡನ್‌ಗೆ, ವಿಭಾಗದ ಮುಖ್ಯಸ್ಥರಿಗೆ ಹೇಳಿ. ನಿದ್ದೆ ಕೆಡಿಸುವುದರಲ್ಲಿ ಸಾಲದಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಬೇಸಿಗೆ ಮತ್ತು ಜ್ವರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರ ಬಿಸಿಲು ತಲೆ ಸುಡುತ್ತದೆ. ಬಾಟಲಿಯಲ್ಲಿ ಹಾಸ್ಟೆಲಿನ ಫಿಲ್ಟರ್ ನೀರು ಒಯ್ಯಿರಿ. ಮೂತ್ರ ಕಡು ಹಳದಿ ಆಗಿದ್ದರೆ ನೀರು ಸಾಲದು ಎಂದು ತಿಳಿಯಿರಿ. ವಾಂತಿ, ಭೇದಿ ಆದಾಗ ಕೈಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಸ್ವಲ್ಪ ಸ್ವಲ್ಪವೇ ಕುಡಿಯಿರಿ. ಉಪ್ಪು ಜಾಸ್ತಿ ಆಗಬಾರದು.

ಮಳೆ ಶುರುವಾದರೆ ಡೆಂಗಿ ಭಯ. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ. ನಿಂತ ನೀರಿನಲ್ಲಿಟ್ಟ ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ಬಾತ್‌ರೂಮಿನ ಬಕೆಟ್, ಕೂಲರ್ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ ತೊಳೆಯಿರಿ. ಜ್ವರ ಬಂದರೆ ಮೆಡಿಕಲ್ ಶಾಪಿಗೆ ಹೋಗಿ 'ಮೈಕೈ ನೋವಿಗೆ ಏನಾದರೂ ಕೊಡಿ' ಎಂದು ಕೇಳುವುದನ್ನು ದಯವಿಟ್ಟು ಬಿಡಿ. ಡೆಂಗಿ ಇದ್ದಾಗ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ನುಂಗಿದರೆ ರಕ್ತಸ್ರಾವ ಆಗುವ ಅಪಾಯ ಇದೆ. ಪ್ಯಾರಾಸಿಟಮಾಲ್ ಮಾತ್ರ ಸಾಕು. ಎರಡು ದಿನದಲ್ಲಿ ಬಿಡದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಜ್ವರ ಇಳಿಯಿತು ಎಂದು ಮೈಮರೆಯಬೇಡಿ. ಹೊಟ್ಟೆ ಜೋರಾಗಿ ನೋಯುವುದು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಮೊದಲ ತಿಂಗಳು ಮನೆಗೆ ಹೋಗಿ ಬಂದು ಮಾಡಬೇಕು ಅನ್ನಿಸುವುದು ಸಹಜ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಹೆಣ್ಣುಮಕ್ಕಳಿಗೆ ಉಚಿತ. ಆದರೂ ಪ್ರತಿ ಶನಿವಾರ ಓಡಬೇಡಿ, ಇಲ್ಲಿ ಗೆಳೆತನ ಬೆಳೆಯುವುದು ರಜೆಯ ದಿನಗಳಲ್ಲೇ. ಹೋದಾಗ ಮಾತ್ರ ಬರಿಗೈಲಿ ಬರಬೇಡಿ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿ ತನ್ನಿ, ಹದಿನೈದು ದಿನ ಕೆಡುವುದಿಲ್ಲ. ರೂಮಿಗೊಂದು ಥರ್ಮಾಮೀಟರ್, ನಾಲ್ಕು ಓಆರ್‌ಎಸ್ ಪೊಟ್ಟಣ, ಒಂದು ಸೊಳ್ಳೆ ಪರದೆಯೂ ಚೀಲದಲ್ಲಿ ಇರಲಿ.